ಬಾಯಿ ಇದೆಯಾ, ಅತ್ತಿಗೆ?

ನಮ್ಮೂರಿನಲ್ಲಿ ಇಬ್ಬರು ಎದುರಾದರೆ ಊಟ ಆಯ್ತಾ ಎಂದು ಕೇಳುವುದಿಲ್ಲ, ಬಾಯಿ ಇದೆಯಾ ಎಂದು ಕೇಳುತ್ತಾರೆ. ಉತ್ತರ ಬಂದರೆ ಇದೆ ಎಂದು ಅರ್ಥ, ಮುಂದಿನ ಮಾತಿಗೆ ಹೋಗಬಹುದು. ಬರದಿದ್ದರೆ, ಪಾಪ, ಇವರು ಈಗಷ್ಟೇ ಶಾಲೆಯ ರೇಡಿಯೋದಿಂದ ಬರುತ್ತಿದ್ದಾರೆ ಎಂದು ತಿಳಿದು ಹೆಗಲು ತಟ್ಟಿ ಮುಂದೆ ಹೋಗುತ್ತಾರೆ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರವಾಗಿ ಕಾಣಬಹುದು, ನಮಗೆ ಏನೂ ಅನ್ನಿಸುವುದಿಲ್ಲ. ನಮ್ಮ ರೇಡಿಯೋದಲ್ಲಿ ಯಾರು ಎಷ್ಟು ಹೊತ್ತು ಮಾತಾಡುತ್ತಾರೋ, ಮೈಕಿನ ಕೆಂಪು ದೀಪ ಆರಿದ ಮೇಲೆ ಅಷ್ಟೇ ಹೊತ್ತು ಅವರಿಗೆ ದನಿ ಇರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರಿನವರು ಬರೀ ಗಾದೆಗೆ ಹೇಳುತ್ತಾರೆ. ನಮ್ಮಲ್ಲಿ ನಿಜವಾಗಿಯೇ ಹೋಗುತ್ತದೆ. ಆಮೇಲೆ ಬರುತ್ತದೆ, ಗಾಬರಿ ಬೇಡ.

ನಾನು ಆ ಶಾಲೆಯಲ್ಲಿ ಹೊಲಿಗೆ ಮತ್ತು ಕನ್ನಡ ಕಲಿಸುವ ವನಮಾಲಾ ಟೀಚರ್. ರೇಡಿಯೋದ ಉಸ್ತುವಾರಿಯೂ ನನ್ನದೇ. ಯಾರು ನೋಡಿಕೊಳ್ಳುತ್ತೀರಿ ಎಂದು ಹೆಡ್ಮಾಸ್ಟರು ಕೇಳಿದ ದಿನ ಉಳಿದ ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿದ್ದರು, ನಾನೊಬ್ಬಳೇ ಫ್ಯಾನ್ ಯಾಕೆ ತಿರುಗುತ್ತಿಲ್ಲ ಎಂದು ಮೇಲೆ ನೋಡುತ್ತಿದ್ದೆ. ಅಷ್ಟಕ್ಕೇ ನನ್ನ ಕೊರಳಿಗೆ ಬಿತ್ತು. ಸ್ಟೇಷನ್ ಅಂದರೆ ಶಾಲೆಯ ಹಿಂಭಾಗದ ಒಂದು ಕೋಣೆ. ಹೊರಗಿನ ಸದ್ದು ಒಳಗೆ ಬರದಂತೆ ಗೋಡೆಗೆಲ್ಲ ಹಳೆಯ ಕೌದಿ ಹೊಡೆದಿದ್ದೇವೆ. ಊರಿನ ಹೆಂಗಸರು ಮನೆಗೊಂದರಂತೆ ಕೊಟ್ಟ ಕೌದಿಗಳು, ಬಣ್ಣಬಣ್ಣದವು. ಬೇಸಿಗೆಯಲ್ಲೂ ಆ ಕೋಣೆ ಮಡಕೆಯ ನೀರಿನಂತೆ ತಣ್ಣಗಿರುತ್ತದೆ. ಈ ತಂಪೇ ಮುಂದೆ ಫಜೀತಿಗೆ ಕಾರಣವಾಯಿತು, ಅದನ್ನು ಹೇಳುತ್ತೇನೆ.

ಜನ ಈ ರೇಡಿಯೋಕ್ಕೆ ಎಷ್ಟು ಚೆನ್ನಾಗಿ ಒಗ್ಗಿಕೊಂಡಿದ್ದಾರೆ ಅಂದರೆ, ಅದಿಲ್ಲದ ಊರಿನಲ್ಲಿ ಸಂಸಾರ ಹೇಗೆ ಮಾಡುತ್ತಾರಪ್ಪ ಎಂದು ನನಗೇ ಆಶ್ಚರ್ಯ. ಬೀಗರು ಬರುತ್ತಾರೆ ಅಂದರೆ ಮನೆಯ ಒರಟು ಬಾಯಿಯ ಚಿಕ್ಕಪ್ಪನನ್ನು ಕೃಷಿ ಕಾರ್ಯಕ್ರಮಕ್ಕೆ ಕಳಿಸಿಬಿಡುತ್ತಾರೆ. ಇನ್ಸ್‌ಪೆಕ್ಟರ್ ಬರುವ ದಿನ ಏಳನೇ ಕ್ಲಾಸಿನ ತರಲೆಗಳಿಗೆಲ್ಲ ಬೆಳಿಗ್ಗೆಯೇ ಸಮೂಹಗಾನ. ಇನ್ಸ್‌ಪೆಕ್ಟರು ನೋಡಿ, ಎಂಥ ಶಿಸ್ತು ಎಂದು ಬರೆದುಹೋಗುತ್ತಾರೆ. ಗಂಡಹೆಂಡಿರ ಜಗಳ ವಿಪರೀತಕ್ಕೆ ಹೋದರೆ ಇಬ್ಬರೂ ಬಂದು ಒಂದು ಯುಗಳಗೀತೆ ಹಾಡಿ ಹೋಗುವುದುಂಟು. ಹಾಡುವಾಗ ಸ್ವಲ್ಪ ಕೂಡಿಕೊಳ್ಳುತ್ತಾರೆ, ಉಳಿದದ್ದನ್ನು ಮೌನ ಮುಗಿಸುತ್ತದೆ.

ಆದರೆ ಒಂದು ಕಟ್ಟುನಿಟ್ಟು. ಮೌನ ಅಂದರೆ ಒಪ್ಪಿಗೆ ಎಂಬುದು ನಮ್ಮೂರಲ್ಲಿ ನಡೆಯುವುದಿಲ್ಲ. ತಲೆ ಆಡಿಸಿದರೂ ಲೆಕ್ಕಕ್ಕಿಲ್ಲ, ಕೈಸನ್ನೆಯೂ ಇಲ್ಲ, ಚೀಟಿಯೂ ಇಲ್ಲ. ಹಿಂದೊಮ್ಮೆ ರೇಡಿಯೋದಿಂದ ಬಂದ ಹುಡುಗನೊಬ್ಬ ಹೆಣ್ಣು ನೋಡಲು ಕೂತಿದ್ದಾಗ, ಸೊಳ್ಳೆ ಓಡಿಸಲು ತಲೆ ಕೊಡವಿದ್ದಕ್ಕೆ ಮದುವೆಯೇ ನಿಶ್ಚಯವಾಗಿಹೋಯಿತು. ಸುಖವಾಗಿದ್ದಾರೆ, ಅದು ಬೇರೆ ಮಾತು. ಅಂದಿನಿಂದ ಬಾಯಿಬಿಟ್ಟು ಹೇಳಿದ್ದಷ್ಟೇ ಮಾತು ಎಂದು ಊರು ತೀರ್ಮಾನಿಸಿತು. ಪಂಚಾಯಿತಿಯಿಂದ ಶಾಲೆಯ ಕಮಿಟಿಯವರೆಗೆ ಎಲ್ಲ ಕಡೆ ಇದೇ ಕಾನೂನು.

ಇನ್ನು ನಮ್ಮ ಮನೆಯ ಸಮಾಚಾರ. ನಮ್ಮನೆಯವರು ಪೇಪರಿನ ಹಿಂದಿನಿಂದ ಹೂಂ ಎನ್ನುವ ಜಾತಿ. ಮದುವೆಯಾದಾಗಿನಿಂದ ಅವರ ಹೂಂಗಳಲ್ಲಿ ಯಾವುದು ಹೌದು, ಯಾವುದು ಅಲ್ಲ ಎಂದು ಗುರುತು ಹಿಡಿಯುವುದೇ ನನಗೊಂದು ವಿದ್ಯೆ. ಅವರಿಗೆ ಕೊಡಬೇಕಾಗಿದ್ದ ಮಾತನ್ನೆಲ್ಲ ದೇವರು ಅವರ ತಂಗಿಗೆ ಕೊಟ್ಟುಬಿಟ್ಟ. ನನ್ನ ನಾದಿನಿ ಇಂದ್ರಾಣಿ ಗಂಡ ಹೋದ ಮೇಲೆ ನಮ್ಮ ಮನೆಗೇ ಬಂದು ಉಳಿದವಳು. ಒಳ್ಳೆಯವಳು, ಕೈಗುಣ ಬಲು ಚೆನ್ನ, ಮನೆಯ ಕೆಲಸಕ್ಕೆ ಎಂದೂ ಹಿಂದೆ ಮುಂದೆ ನೋಡಿದವಳಲ್ಲ. ಆದರೆ ಆ ಬಾಯಿ! ಬೆಳಿಗ್ಗೆ ನಲ್ಲಿ ನೀರಿನ ಜೊತೆ ಶುರುವಾದರೆ ನೀರು ನಿಂತರೂ ಇವಳು ನಿಲ್ಲುವುದಿಲ್ಲ. ನಾನು ಶಾಲೆಯಿಂದ ಬಂದು ಇವತ್ತು ಏನಾಯ್ತು ಗೊತ್ತಾ ಎನ್ನುವಷ್ಟರಲ್ಲಿ, ತನ್ನ ಕಡೆಯಿಂದ ಏನೇನಾಯ್ತು ಎಂದು ಅವಳು ಆರಂಭಿಸುತ್ತಿದ್ದಳು, ನನ್ನ ಮಾತು ಗಂಟಲಲ್ಲೇ ತಣ್ಣಗಾಗುತ್ತಿತ್ತು. ಕೆಲವು ವರ್ಷ ಹೀಗೇ ಕಳೆದ ಮೇಲೆ ನಾನು ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೆ.

ರೇಡಿಯೋ ನನ್ನ ಕೈಗೆ ಬಂದ ಮೇಲೆ ನನಗೊಂದು ಉಪಾಯ ಹೊಳೆಯಿತು. ನಿನ್ನ ಸಾರಿನ ರುಚಿ ಊರಿಗೆಲ್ಲ ಗೊತ್ತಾಗಬೇಡವೇ, ದಿನಾ ಸಾಯಂಕಾಲ ಬಂದು ಅಡುಗೆ, ಮನೆಮದ್ದು, ನಾಲ್ಕು ಹರಟೆ ಹೇಳು ಎಂದೆ. ಬೇಡ ಎಂದರೆ ಹೇಗೆ ಒಪ್ಪಿಸುವುದು ಎಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಆಗಲಿ ಅತ್ತಿಗೆ ಎಂದುಬಿಟ್ಟಳು. ಅಷ್ಟು ಸುಲಭವಾಗಿ ಹಳ್ಳಕ್ಕೆ ಬೀಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ‘ಇಂದ್ರಾಣಿಯ ಪಡಸಾಲೆ’ ಎಂಬ ಕಾರ್ಯಕ್ರಮ. ಊರೆಲ್ಲ ಕಿವಿಗೊಟ್ಟು ಕೇಳುತ್ತಿತ್ತು. ಆಮೇಲೆ ಅವಳು ಮನೆಗೆ ಬಂದು, ಗೊಂಬೆಯಂತೆ ಕೂತು ತರಕಾರಿ ಹೆಚ್ಚುತ್ತಿದ್ದಳು. ನಾನು ಒಲೆಯ ಮುಂದೆ. ಆಹಾ, ಏನು ನಿಶ್ಶಬ್ದ, ಏನು ನೆಮ್ಮದಿ ಅಂತೀರಿ. ಆ ನೆಮ್ಮದಿಯಲ್ಲಿ ನಾನು ನನ್ನಷ್ಟಕ್ಕೆ ಅದೂ ಇದೂ ಹೇಳಿಕೊಳ್ಳುತ್ತಿದ್ದೆ, ನೆನಪಿಗೆ ಬಂದ ಹಾಡು ಗುನುಗುತ್ತಿದ್ದೆ. ನಾದಿನಿಯನ್ನು ಎಂಥ ಜಾಣತನದಿಂದ ಸುಮ್ಮನಾಗಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಊರಿನ ಅತ್ತಿಗೆಯರೆಲ್ಲ ನನ್ನನ್ನು ನೋಡಿ ಹೊಟ್ಟೆಕಿಚ್ಚುಪಟ್ಟದ್ದೂ ಉಂಟು.

ಈ ಸುಖಕ್ಕೆ ಕಲ್ಲು ಹಾಕಲು ಬಂದವರು ಭೋಜರಾಜಯ್ಯನವರು. ಅಕ್ಕಿ ಗಿರಣಿಯ ಒಡೆಯರು, ಶಾಲೆಯ ಕಮಿಟಿಯ ಅಧ್ಯಕ್ಷರು, ಊರಿನ ಅರ್ಧ ಮನೆಗಳು ಅವರದೇ ಬಾಡಿಗೆಯವು. ಒಮ್ಮೆ ಧ್ವಜಾರೋಹಣಕ್ಕೆ ಮೊದಲು ರೇಡಿಯೋದಲ್ಲಿ ಉದ್ದದ ಭಾಷಣ ಬಿಗಿದು, ಧ್ವಜದ ಕೆಳಗೆ ಬಾಯಿ ತೆಗೆದರೆ ಗಾಳಿ ಮಾತ್ರ ಬಂತು. ಮಕ್ಕಳು ನಕ್ಕರು. ಅವತ್ತಿನಿಂದ ಮೈಕ್ ಕಂಡರೆ ಅವರಿಗೆ ಹಾವು ಕಂಡಂತೆ. ಆದರೆ ಕೋಣೆ ಮಾತ್ರ ಬಹಳ ಇಷ್ಟ. ಮಧ್ಯಾಹ್ನ ಪ್ರಸಾರ ಇಲ್ಲದ ಹೊತ್ತಿನಲ್ಲಿ ಶಾಲೆ ನೋಡುವ ನೆಪದಲ್ಲಿ ಬಂದು, ಮೈಕಿನ ತಂತಿ ಕಿತ್ತಿದೆಯೋ ಇಲ್ಲವೋ ಎಂದು ಸ್ವತಃ ಮುಟ್ಟಿ ನೋಡಿ, ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಒಂದು ನಿದ್ದೆ ತೆಗೆದು ಹೋಗುತ್ತಿದ್ದರು. ಹೀಗೆ ಮಲಗಿ ಮಲಗಿಯೇ, ಈ ಕೋಣೆ ಪೂರಾ ತನ್ನದಾದರೆ ಹೇಗೆ ಎಂಬ ಆಲೋಚನೆ ಅವರಿಗೆ ಬಂದದ್ದು. ವಾರ್ಷಿಕ ಸಭೆಯಲ್ಲಿ ರೇಡಿಯೋ ಮುಚ್ಚುವ ಠರಾವು ತರುತ್ತೇನೆ, ಅದು ಇನ್ನು ಅಧ್ಯಕ್ಷರ ಕೊಠಡಿ ಎಂದು ಗಿರಣಿಯಲ್ಲಿ ಹೇಳಿಕೊಂಡರು. ಸುದ್ದಿ ನನ್ನ ಕಿವಿಗೆ ಬಿತ್ತು.

ನನ್ನ ಜೀವ ಬಾಯಿಗೆ ಬಂತು. ರೇಡಿಯೋ ಹೋದರೆ ನನ್ನ ಸಾಯಂಕಾಲ ಹೋಯಿತು. ಮತ್ತೆ ನಲ್ಲಿ ನೀರಿನಿಂದ ಹಾಸಿಗೆಯವರೆಗೆ ಇಂದ್ರಾಣಿ, ಮೂಲೆಯಲ್ಲಿ ಹೂಂ, ನಡುವೆ ನಾನು. ಮುಖಕ್ಕೆ ಮುಖ ಕೊಟ್ಟು ಅಧ್ಯಕ್ಷರನ್ನು ಕೇಳಿದೆ. ಊರಿಗೆ ಕೇಡು ಮಾಡಬೇಡಿ ಎಂದೆ. ಊರಿಗೆ ಯಾಕೆ ಟೀಚರೇ, ನಿಮ್ಮ ನಾದಿನಿಯ ಬಾಯಿ ಮತ್ತೆ ಮನೆಗೆ ಬರುತ್ತಲ್ಲ ಅನ್ನೋದು ನಿಮ್ಮ ಚಿಂತೆ ಎಂದು ನಕ್ಕರು. ನಿಜ ಹೇಳಿದರೆ ಎಂಥ ಸಿಟ್ಟು ಬರುತ್ತದೆ ನೋಡಿ, ಅವತ್ತು ರಾತ್ರಿ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ಆಗ ನನಗೆ ನೆನಪಾದದ್ದು ಮೇಕೆ. ಹಿಂದೊಂದು ದಿನ ಕಿಟಕಿಯಿಂದ ನುಗ್ಗಿದ ಮೇಕೆಯೊಂದು ವಿಜ್ಞಾನ ಪಾಠದುದ್ದಕ್ಕೂ ಮೈಕಿನ ಮುಂದೆ ಅರಚಿತ್ತು. ಆಮೇಲೆ ಅದರ ಯಜಮಾನಿ ಊರೆಲ್ಲ ಹುಡುಕಿದರೂ ಸಿಗಲಿಲ್ಲ, ಯಾಕೆಂದರೆ ಅದು ಓಗೊಡುವಂತಿರಲಿಲ್ಲ. ಅಂದರೆ ಮಾತೇ ಆಗಬೇಕೆಂದಿಲ್ಲ, ಗಂಟಲಿನಿಂದ ಬಂದ ಏನಾದರೂ ಸರಿ. ಭೋಜರಾಜಯ್ಯನವರ ಗಂಟಲಿನಿಂದ ಮಧ್ಯಾಹ್ನ ಏನು ಬರುತ್ತದೆ ಎಂಬುದು ಪಕ್ಕದ ಕ್ಲಾಸಿನ ಮಕ್ಕಳಿಗೂ ಗೊತ್ತು.

ಸಭೆ ಶಾಲೆ ಬಿಟ್ಟೊಡನೆ. ಆ ದಿನ ಮಧ್ಯಾಹ್ನಕ್ಕೆ ಒಬ್ಬಟ್ಟು ಮಾಡಿಕೊಡು, ಅಧ್ಯಕ್ಷರಿಗೆ ಊಟ ಹಾಕಬೇಕು ಎಂದು ಇಂದ್ರಾಣಿಗೆ ಹೇಳಿದೆ. ಅವಳು ಯಾಕೆ ಎಂದು ಕೇಳಲಿಲ್ಲ. ಇಂದ್ರಾಣಿ ಯಾಕೆ ಎಂದು ಕೇಳದಿದ್ದದ್ದೇ ಒಂದು ಅಚ್ಚರಿ. ತುಪ್ಪ ಸುರಿಯುವ ಒಬ್ಬಟ್ಟು, ಮೇಲೆ ಗಟ್ಟಿ ಮೊಸರನ್ನ ಕಟ್ಟಿಕೊಟ್ಟು, ಮೂರು ಒಬ್ಬಟ್ಟಿಗೆ ಕಣ್ಣು ಎಳೆಯುತ್ತೆ, ನಾಲ್ಕನೇದನ್ನ ಬಲವಂತ ಮಾಡಿ ಅತ್ತಿಗೆ ಎಂದಳು ಅಷ್ಟೇ.

ಭೋಜರಾಜಯ್ಯನವರು ಐದು ತಿಂದರು. ರೇಡಿಯೋ ಉಳಿಸಲು ನಾನು ಲಂಚ ಕೊಡುತ್ತಿದ್ದೇನೆ ಎಂದುಕೊಂಡು, ಒಬ್ಬಟ್ಟಿಗೆಲ್ಲ ಬಗ್ಗೋನಲ್ಲ ನಾನು ಎಂದು ಬಾಯಿ ಚಪ್ಪರಿಸಿದರು. ಮೈಕಿನ ತಂತಿಯನ್ನು ಎಂದಿನಂತೆ ಮುಟ್ಟಿ ನೋಡಿದರು, ಕಿತ್ತೇ ಇತ್ತು. ಬೆಂಚಿನ ಮೇಲೆ ಒರಗಿದರು. ಮೊದಲ ಗೊರಕೆ ಬಂದ ಕೂಡಲೇ ನಾನು ಬೆಕ್ಕಿನಂತೆ ಒಳಗೆ ಹೋಗಿ, ತಂತಿ ಚುಚ್ಚಿ, ಮೈಕನ್ನು ಅವರ ಮೂಗಿನ ಹತ್ತಿರಕ್ಕೆ ಎಳೆದೆ. ಕೆಂಪು ದೀಪ ಹತ್ತಿತು.

ಊರಿಗೆ ಊರೇ ಅಧ್ಯಕ್ಷರ ಗೊರಕೆ ಕೇಳಿತು. ಎಂಥ ಗೊರಕೆ ಅದು! ಎತ್ತಿನ ಗಾಡಿ ಏರಿ ಹತ್ತಿದ ಹಾಗೆ ಒಂದು, ಇಳಿಜಾರಿನಲ್ಲಿ ಜಾರಿದ ಹಾಗೆ ಇನ್ನೊಂದು, ಮಧ್ಯೆ ಬಂಡಿ ನಿಂತೇ ಹೋಯಿತೇನೋ ಅನ್ನಿಸುವ ಮೌನ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತೆ. ಎಲ್ಲ ಸುಸೂತ್ರವಾಗಿ ಸಾಗುತ್ತಿರುವಾಗ ದರಿದ್ರದ ನೊಣವೊಂದು ಬಂದು ಅವರ ಮೂಗಿನ ಮೇಲೆ ಕೂತಿತು. ಅವರು ಮಗ್ಗುಲಾದರು, ರೆಪ್ಪೆ ಅಲುಗಿತು. ಇನ್ನೇನು ಕಣ್ಣು ಬಿಡಬೇಕು, ಏನು ಮಾಡಲಿ? ಕೈಯಿಂದ ನೊಣ ಓಡಿಸಿದೆ. ಬಾಯಿಂದ ತಾನಾಗಿ ಜೋಗುಳ ಬಂದುಬಿಟ್ಟಿತು. ಜೋ ಜೋ ಎನ್ನಿರೆ ಗಿರಣಿಯ ದೊರೆಗೆ, ಅಕ್ಕಿಯ ರಾಶಿಯ ಅಕ್ಕರೆ ಮಗಗೆ ಎಂದು ಬಾಯಿಗೆ ಬಂದದ್ದನ್ನು ಕಟ್ಟಿ ಹಾಡಿದೆ. ಅಧ್ಯಕ್ಷರ ಮುಖದ ಗಂಟು ಸಡಿಲವಾಯಿತು. ಎರಡು ಕೈಯನ್ನೂ ಕೆನ್ನೆಯ ಕೆಳಗೆ ಇಟ್ಟುಕೊಂಡು ಮತ್ತೆ ಗಾಡಿ ಹೂಡಿದರು.

ನಾನು ನಿಲ್ಲಿಸಿದರೆ ಅವರು ಅಲುಗುತ್ತಿದ್ದರು, ಹಾಗಾಗಿ ನಿಲ್ಲಿಸಲಿಲ್ಲ. ಒಂದು ಮುಗಿದರೆ ಇನ್ನೊಂದು. ನಮ್ಮಮ್ಮ ಹೊಲಿಗೆ ಯಂತ್ರ ತುಳಿಯುತ್ತ ಹಾಡುತ್ತಿದ್ದದ್ದು, ಅರ್ಧ ಮರೆತುಹೋಗಿದ್ದದ್ದು ಎಲ್ಲ ಹೊರಗೆ ಬಂದವು. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ನನ್ನ ದನಿಯೂ ಮೈಕಿಗೆ ಹೋಗುತ್ತಿದೆ, ನನಗೂ ಬಾಯಿ ಇರುವುದಿಲ್ಲ ಎಂಬುದು ಗೊತ್ತಿತ್ತು. ಇರದಿದ್ದರೆ ಏನಂತೆ, ಠರಾವು ತರಬೇಕಾದವರಿಗೇ ಬಾಯಿ ಇಲ್ಲದ ಮೇಲೆ ನನ್ನ ಬಾಯಿ ಯಾರಿಗೆ ಬೇಕು ಎಂದುಕೊಂಡೆ. ಶಾಲೆ ಬಿಡುವ ಗಂಟೆ ಹೊಡೆಯಿತು. ದೀಪ ಆರಿಸಿ, ತಂತಿ ಕಿತ್ತು, ಹೊರಗೆ ಬಂದೆ.

ಸಭೆಯಲ್ಲಿ ಅಧ್ಯಕ್ಷರು ಹೊಸದಾಗಿ ತೊಳೆದ ಮುಖದಲ್ಲಿ ಎದ್ದು ನಿಂತು ಬಾಯಿ ತೆಗೆದರು. ಗಾಳಿ. ಮತ್ತೆ ತೆಗೆದರು. ಮತ್ತೆ ಗಾಳಿ. ಹಿಂದಿನ ಸಾಲಿನಿಂದ ಯಾರೋ ಗೊರಕೆಯ ಸದ್ದು ಮಾಡಿದರು, ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರ ಕಣ್ಣು ನನ್ನನ್ನು ಹುಡುಕಿ ಕೆಂಪಾಯಿತು. ಅವರು ಕೈಯಲ್ಲಿ ಬಾಗಿಲು ಮುಚ್ಚುವಂತೆ ತೋರಿಸಿದರು. ಹೆಡ್ಮಾಸ್ಟರು ಶ್ರೀಕಂಠಯ್ಯನವರು ಸಾಧು ಪ್ರಾಣಿ, ಬಾಗಿಲು ರಿಪೇರಿ ಮಾಡಿಸಬೇಕಂತೆ ಎಂದು ಸಭೆಗೆ ತಿಳಿಸಿದರು. ಅಧ್ಯಕ್ಷರು ಕತ್ತಿನ ಮೇಲೆ ಕೈ ಎಳೆದು ತೋರಿಸಿದರು. ಗಂಟಲು ನೋವಂತೆ, ಯಾರಾದರೂ ಬಿಸಿನೀರು ತನ್ನಿ ಎಂದರು ಹೆಡ್ಮಾಸ್ಟರು. ನಾನು ಗೆದ್ದೆ ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

ಆಗ ಅಧ್ಯಕ್ಷರು ಹೆಡ್ಮಾಸ್ಟರ ಪಕ್ಕೆಗೆ ಮೊಣಕೈಯಿಂದ ಬಲವಾಗಿ ತಿವಿದು, ತಮ್ಮ ಬಾಯಿ ತೋರಿಸಿ, ಅವರ ಬಾಯಿ ತೋರಿಸಿದರು. ಅಧ್ಯಕ್ಷರಿಗೆ ಬಾಯಿ ಇಲ್ಲದಾಗ ಹೆಡ್ಮಾಸ್ಟರ ಬಾಯೇ ಅಧ್ಯಕ್ಷರ ಬಾಯಿ ಎಂಬ ಇನ್ನೊಂದು ನಿಯಮ ಕಮಿಟಿಯಲ್ಲಿದೆ. ಆ ಧ್ವಜದ ಕೆಳಗಿನ ಅವಮಾನ ಆದ ಮೇಲೆ ಅವರೇ ಮಾಡಿಸಿಕೊಂಡದ್ದು. ಅದು ನನಗೆ ಮರೆತೇ ಹೋಗಿತ್ತು. ಹೆಡ್ಮಾಸ್ಟರು ಬೆವರು ಒರೆಸಿಕೊಂಡು, ಇಲಿಯ ದನಿಯಲ್ಲಿ ಹೇಳಿದರು: “ರೇಡಿಯೋ ಮುಚ್ಚಬೇಕು ಅಂತ ಅಧ್ಯಕ್ಷರ ಠರಾವು. ಒಂದು ಬಾಯಿ ಬೇಡ ಅಂದ್ರೂ ಮುಂದಿನ ವರ್ಷಕ್ಕೆ ಹೋಗುತ್ತೆ. ಯಾರದ್ದಾದ್ರೂ ವಿರೋಧ ಇದೆಯಾ?”

ನಾನು ತಟ್ಟನೆ ಎದ್ದು ನಿಂತೆ. ಬಾಯಿ ತೆಗೆದೆ. ಗಾಳಿ. ಅಷ್ಟು ಹೊತ್ತು ಹಾಡಿದ ಜೋಗುಳವೆಲ್ಲ ನನ್ನ ಗಂಟಲಿಗೆ ಬೀಗ ಹಾಕಿ ಕೂತಿತ್ತು. ಕೈ ಆಡಿಸಿದೆ, ತಲೆ ಆಡಿಸಿದೆ, ಬೆಂಚು ಗುದ್ದಿದೆ. ಯಾವುದೂ ಲೆಕ್ಕಕ್ಕಿಲ್ಲ. ಜನರತ್ತ ತಿರುಗಿದೆ. ಅವರು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡರು. ಅರ್ಧ ಜನ ಅಧ್ಯಕ್ಷರ ಮನೆಯಲ್ಲೇ ಬಾಡಿಗೆಗೆ ಇರುವವರು, ಅವರನ್ನು ಅಂದು ಏನು ಪ್ರಯೋಜನ? ಅಧ್ಯಕ್ಷರು ಮೀಸೆಯ ಕೆಳಗೆ ನಕ್ಕರು. ಹೆಡ್ಮಾಸ್ಟರು ಎರಡನೇ ಸಲ ಕೇಳಿದರು. ನನಗೆ ಅಳುವೇ ಬಂತು. ಅಳುವಿಗೂ ದನಿ ಇರಲಿಲ್ಲ.

“ನಂದಿದೆ ವಿರೋಧ.”

ಹೆಂಗಸರ ಸಾಲಿನಲ್ಲಿ ಇಂದ್ರಾಣಿ ಎದ್ದು ನಿಂತಿದ್ದಳು. ಸಭೆ ಇದ್ದದ್ದರಿಂದ ಅಂದು ಅವಳ ಕಾರ್ಯಕ್ರಮ ಇರಲಿಲ್ಲ. ಇಡೀ ಸಾಯಂಕಾಲದ ಮಾತು ಅವಳಲ್ಲಿ ಹಾಗೇ ಇತ್ತು. ಅವಳು ಗಿರಣಿಯವರ ಬಾಡಿಗೆಯವಳೂ ಅಲ್ಲ. ಈಗ ಒಗ್ಗರಣೆಯಿಂದ ಶುರುಮಾಡಿ ಎಲ್ಲಿಗೆ ಹೋಗುತ್ತಾಳೋ ಎಂದು ನಾನು ನೋಡುತ್ತಿದ್ದರೆ, ಅವಳು ಎಂದೂ ಇಲ್ಲದಷ್ಟು ನಿಧಾನವಾಗಿ ಹೇಳಿದಳು.

“ಅತ್ತಿಗೆ ನನ್ನ ಬಾಯಿ ಮುಚ್ಚಿಸೋಕೆ ರೇಡಿಯೋಕ್ಕೆ ಕಳಿಸ್ತಾರೆ ಅಂತ ಊರೆಲ್ಲ ಆಡ್ಕೊಳುತ್ತೆ. ಅತ್ತಿಗೇನೂ ಹಂಗೇ ಅನ್ಕೊಂಡಿದಾರೆ. ನಂಗೆ ಮೊದಲನೇ ದಿನವೇ ಗೊತ್ತಾಗಿತ್ತು. ಆದ್ರೂ ನಾನು ಯಾಕೆ ಬರ್ತೀನಿ ಗೊತ್ತಾ? ಮನೇಲಿ ನಾನು ಬಾಯಿ ತೆಗೆದ್ರೆ ಅತ್ತಿಗೆ ಬಾಯಿ ಮುಚ್ಚೋಗುತ್ತೆ. ನಮ್ಮಣ್ಣನ್ನ ಕೇಳಲೇಬೇಡಿ, ಅವನು ಹೂಂ ಅನ್ನೋನು. ಬಾಯಿ ಇದ್ದೂ ಸುಮ್ನಿರೋದು ನನ್ನ ಕೈಲಿ ಆಗಲ್ಲ, ನೋಡಿದೀನಿ, ಆಗಲ್ಲ. ಅದಕ್ಕೆ ದಿನಾ ಇಲ್ಲಿ ಬಂದು ಬಾಯಿ ಇಟ್ಟು ಹೋಗ್ತೀನಿ. ಆಮೇಲೆ ಮನೇಲಿ ಅವರು ಮಾತಾಡ್ತಾರೆ. ಯಾವ ಹುಡುಗಿ ಸೂಜಿ ಕಳೆದ್ಲು, ಅವರಮ್ಮ ಏನು ಹಾಡೋರು, ಎಲ್ಲ ಹೇಳ್ತಾರೆ. ಒಬ್ಬರೇ ಹೇಳ್ಕೊತಿದೀನಿ ಅನ್ಕೊಂಡಿದಾರೆ. ನಾನು ಕೇಳ್ತಿರ್ತೀನಿ. ಇವತ್ತು ಹಾಡಿದ್ರಲ್ಲ, ಅವೆಲ್ಲ ನಂಗೆ ಬಾಯಿಪಾಠ. ಈ ಕೋಣೆ ಮುಚ್ಚಿದ್ರೆ ಮತ್ತೆ ನಾನೇ ಮಾತಾಡ್ತೀನಿ, ಅತ್ತಿಗೆ ಮತ್ತೆ ಮೂಕಿ ಆಗ್ತಾರೆ. ಇದೇ ನನ್ನ ವಿರೋಧ.”

ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಜಾಣತನ ಮಾಡಿದೆ ಎಂದು ಇಷ್ಟು ವರ್ಷ ಬೆನ್ನು ತಟ್ಟಿಕೊಂಡವಳು ನಾನು. ಸೆರಗಿನಿಂದ ಕಣ್ಣು ಒರೆಸಿಕೊಂಡರೆ ಮತ್ತೆ ತುಂಬಿಕೊಳ್ಳುತ್ತಿತ್ತು, ಒರೆಸುವುದನ್ನೇ ಬಿಟ್ಟೆ.

ಠರಾವು ಮುಂದಿನ ವರ್ಷಕ್ಕೆ ಎಂದು ಹೆಡ್ಮಾಸ್ಟರು ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಇಂದ್ರಾಣಿ ಕೂರಲಿಲ್ಲ. ಹೇಗೂ ಎದ್ದಿದ್ದೇನಲ್ಲ ಎಂದು ಶಾಲೆಯ ನೀರಿನ ತೊಟ್ಟಿ, ಮಧ್ಯಾಹ್ನದ ಊಟದ ಬೇಳೆ, ಗಿರಣಿಯ ಧೂಳು ಎಲ್ಲದರ ಮೇಲೂ ಕೈಯಾಡಿಸಿ, ಅಧ್ಯಕ್ಷರಿಗೆ ದನಿ ಬರುವುದಕ್ಕೆ ಎಷ್ಟೋ ಮೊದಲೇ ಸಭೆಯನ್ನೇ ಮುಗಿಸಿಬಿಟ್ಟಳು. ಹೋಗುವಾಗ ಎಳೆ ಮಗುವಿನ ತಾಯಿಯೊಬ್ಬಳು ಅಧ್ಯಕ್ಷರ ಮುಂದೆ ನಿಂತು, ಹುಟ್ಟಿದಾಗಿನಿಂದ ಹಗಲು ಕಣ್ಣು ಮುಚ್ಚದ ಮಗು ಇವತ್ತು ನಿಮ್ಮ ಗೊರಕೆ ಕೇಳಿ ಮಲಗಿತು, ನಾಳೆಯೂ ಹಾಕಿಸಿ ಎಂದು ಕೈಮುಗಿದಳು. ಬೈಯಬೇಕೋ ಬೀಗಬೇಕೋ ಅವರಿಗೆ ತಿಳಿಯಲಿಲ್ಲ. ಈಗ ದಿನಾ ಮಧ್ಯಾಹ್ನ ಅವರ ಗೊರಕೆಯದೇ ಒಂದು ಕಾರ್ಯಕ್ರಮ. ಕೋಣೆಯ ತಂಪಿಗೆ ತಂಪೂ ಸಿಕ್ಕಿತು, ಹೆಸರಿಗೆ ಹೆಸರೂ ಬಂತು. ರೇಡಿಯೋ ಮುಚ್ಚುವ ಮಾತನ್ನು ಅವರು ಆಮೇಲೆ ಎತ್ತಿದ್ದನ್ನು ನಾನು ಕೇಳಿಲ್ಲ.

ಅಂದು ಮನೆಯ ದಾರಿಯುದ್ದಕ್ಕೂ ಇಂದ್ರಾಣಿ ಮಾತಾಡುತ್ತ ಬಂದಳು. ಒಬ್ಬಟ್ಟಿಗೆ ಒಂದು ಚಿಟಿಕೆ ಜಾಯಿಕಾಯಿ ಹೆಚ್ಚಿಗೆ ಹಾಕಿದ್ದಳಂತೆ, ನಿದ್ದೆ ಚೆನ್ನಾಗಿ ಬರಲಿ ಎಂದು. ನಾನು ಯಾಕೆ ಒಬ್ಬಟ್ಟು ಕೇಳಿದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತಂತೆ. ಅಲ್ಲಿಂದ ಜಾಯಿಕಾಯಿಯ ಅಂಗಡಿ, ಅಂಗಡಿಯವನ ಹೆಂಡತಿ, ಆಮೇಲೆ ತೀರಿಹೋದ ತನ್ನ ಗಂಡ ಒಬ್ಬಟ್ಟನ್ನು ಹಾಲಿಗೆ ಅದ್ದಿಕೊಂಡು ತಿನ್ನುತ್ತಿದ್ದ ರೀತಿ. ಗಂಡನ ವಿಷಯ ಅವಳು ಇಷ್ಟು ವರ್ಷದಲ್ಲಿ ಎಷ್ಟೋ ಸಲ ಹೇಳಿರಬೇಕು. ನಾನು ಕೇಳಿಸಿಕೊಂಡದ್ದು ಅದೇ ಮೊದಲು.

ಮನೆಯಲ್ಲಿ ಅವಳು ತರಕಾರಿ ಹೆಚ್ಚಲು ಕೂತಳು. ನಾನು ಒಲೆಯ ಮುಂದೆ. ಅವಳ ಗಂಡ ಮೈಮೇಲೆ ಹಾಲು ಸುರಿದುಕೊಂಡು ಅಂಗಿಯೆಲ್ಲ ಒದ್ದೆಯಾದ ಕಥೆ ಇನ್ನೂ ಮುಗಿದಿರಲಿಲ್ಲ. ಸಾರು ಕುದಿ ಬರುವ ಹೊತ್ತಿಗೆ ನನ್ನ ಗಂಟಲಲ್ಲಿ ಏನೋ ಸಡಿಲವಾಯಿತು. ಮೆಲ್ಲನೆ, ಅವಳಿಗೆ ಕೇಳದಷ್ಟು ಮೆಲ್ಲನೆ ಒಮ್ಮೆ ಹೂಂ ಎಂದು ನೋಡಿದೆ. ದನಿ ಬಂದಿತ್ತು.

ಇಂದ್ರಾಣಿ ಹೆಚ್ಚುವುದನ್ನು ನಿಲ್ಲಿಸಿದಳು. “ಇಷ್ಟು ಹೊತ್ತಿಗೆ ಬರಬೇಕಲ್ಲ. ಬಾಯಿ ಇದೆಯಾ, ಅತ್ತಿಗೆ?” ಎಂದಳು. ಇದೆ ಎಂದರೆ ಅವಳು ತನ್ನ ಕಥೆಯನ್ನು ಅಲ್ಲಿಗೇ ಬಿಟ್ಟು, ಈಗ ನೀವು ಹೇಳಿ ಎಂದುಬಿಡುತ್ತಾಳೆ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು.

ನಾನು ಇಲ್ಲ ಎಂದು ತಲೆಯಾಡಿಸಿ, ಮುಂದೆ ಹೇಳು ಎಂದು ಕೈ ತೋರಿಸಿದೆ. ನಮ್ಮೂರಿನಲ್ಲಿ ತಲೆಯಾಡಿಸಿದ್ದು ಹೇಗೂ ಲೆಕ್ಕಕ್ಕಿಲ್ಲವಲ್ಲ.